ಹಾಕಿದವರು, ಹೊತ್ತವರು, ತೆಗೆಸುವವರು: ಅಂತರ್ಜಾಲದ ಮಾತಿಗೆ ನಮ್ಮ ಕಾನೂನು

ಆಗಸ್ಟ್ ತಿಂಗಳು ಎಂದುಕೊಳ್ಳಿ. ಕೊಡಗಿನಲ್ಲಿ ಮಳೆ ಹಿಡಿದಿದೆ. ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿದೆ. ರಾತ್ರಿ ಹತ್ತರ ಹೊತ್ತಿಗೆ ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡಲು ಶುರುವಾಗುತ್ತದೆ. ಬೇರೆ ಯಾವುದೋ ಅಣೆಕಟ್ಟಿನ ಹಳೇ ವಿಡಿಯೊ. ಕೆಳಗೆ ಒಂದು ಸಾಲು: 'ಕೆಆರ್‌ಎಸ್ ಗೇಟ್ ಕಿತ್ತುಹೋಗಿದೆ, ಶ್ರೀರಂಗಪಟ್ಟಣದವರು ಈಗಲೇ ಊರು ಬಿಡಿ.'

ಇದು ಉದಾಹರಣೆಗೆಂದು ನಾನು ಕಟ್ಟಿದ ಪ್ರಸಂಗ. ಆದರೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ನಿಜವಾಗಿಯೂ ಕೊಚ್ಚಿಹೋಗಿತ್ತು. ಅದನ್ನು ಟಿವಿಯಲ್ಲಿ ನೋಡಿದ ಜನ ಇಂಥ ಸಾಲನ್ನು ಸುಳ್ಳೆಂದು ಪಕ್ಕಕ್ಕಿಡುವುದು ಕಷ್ಟ. ಮಕ್ಕಳನ್ನು ಎಬ್ಬಿಸುತ್ತಾರೆ, ದನ ಬಿಚ್ಚುತ್ತಾರೆ, ಕತ್ತಲಲ್ಲೇ ರಸ್ತೆಗೆ ಬರುತ್ತಾರೆ.

ಬೆಳಗಾದ ಮೇಲೆ ಎಲ್ಲರೂ ಕೇಳುವುದು, ಇದಕ್ಕೆ ಹೊಣೆ ಯಾರು ಅಂತ. ಮೊದಲು ಹಾಕಿದವನೋ, ಮುಂದಕ್ಕೆ ತಳ್ಳಿದ ನೂರು ಮಂದಿಯೋ, ಗುಂಪಿನ ಅಡ್ಮಿನ್ನೋ, ವಾಟ್ಸ್‌ಆ್ಯಪ್ ಕಂಪನಿಯೋ? ಸರ್ಕಾರ ಅದನ್ನು ತಡೆಯಬಹುದಿತ್ತೋ? ನಮ್ಮಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಕೇಳಿಬರುತ್ತದೆ: 'ಸೈಬರ್ ಕಾನೂನಿನಲ್ಲಿ ಕೇಸ್ ಹಾಕ್ತಾರೆ.' ಹಾಗೊಂದು ಒಂಟಿ ಕಾನೂನು ಇಲ್ಲ. ಹಾಕಿದವರಿಗೆ ಶಿಕ್ಷೆ ಯಾವಾಗ, ಹೊತ್ತು ಸಾಗಿಸಿದ ಕಂಪನಿಯ ಹೊಣೆ ಎಷ್ಟು, ತೆಗೆಸುವ ಅಧಿಕಾರ ಯಾರಿಗೆ? ಮೂರಕ್ಕೂ ಬೇರೆ ಬೇರೆ ಸೆಕ್ಷನ್, ಬೇರೆ ಬೇರೆ ಅಧಿಕಾರಿ, ಬೇರೆ ಬೇರೆ ಅಳತೆ. ಇವನ್ನು ಕಲಸಿಬಿಟ್ಟರೆ ನೊಂದವರು ತಪ್ಪು ಬಾಗಿಲು ತಟ್ಟುತ್ತಾರೆ, ತಪ್ಪು ಮಾಡದವರು ಸುಮ್ನೆ ಹೆದರುತ್ತಾರೆ.

ಹಾಕಿದವರ ಮೇಲೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, ಅಂದರೆ ಐಟಿ ಕಾಯ್ದೆ, ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17ರಂದು. ಆಗ ಫೇಸ್‌ಬುಕ್ ಇರಲಿಲ್ಲ, ಯೂಟ್ಯೂಬ್ ಇರಲಿಲ್ಲ. ಕಂಪ್ಯೂಟರ್ ಮೂಲಕ ನಡೆಯುವ ವ್ಯಾಪಾರಕ್ಕೆ, ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಡುವುದೇ ಅದರ ಮುಖ್ಯ ಕೆಲಸವಾಗಿತ್ತು. ನಾವು ಇವತ್ತು ಮಾತಾಡುವ ಸೆಕ್ಷನ್‌ಗಳು ಜಾಸ್ತಿಯಾಗಿ ಬಂದಿದ್ದು 2008ರ ತಿದ್ದುಪಡಿಯಲ್ಲಿ. ಮುಂಬೈ ದಾಳಿ ನಡೆದು ಒಂದು ತಿಂಗಳೊಳಗೆ, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಲೋಕಸಭೆ ಅದನ್ನು ಒಪ್ಪಿಕೊಂಡಿತು. 2009ರ ಅಕ್ಟೋಬರ್ 27ರಂದು ಜಾರಿಯಾಯಿತು. ಆ ಆತುರದ ಬೆಲೆಯನ್ನು ದೇಶ ಹಲವು ವರ್ಷ ತೆತ್ತಿತು.

ಸೆಕ್ಷನ್ 66ಎ ಬಂದಿದ್ದು ಹಾಗೆ. 'ಕಿರಿಕಿರಿ', 'ಅನನುಕೂಲ' ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು. ಕಿರಿಕಿರಿಗೆ ಅಳತೆಗೋಲು ಎಲ್ಲಿದೆ? ನನಗೆ ಹಾಸ್ಯ ಅನಿಸಿದ್ದು ನಿಮಗೆ ಕಿರಿಕಿರಿ ಆಗಬಹುದು. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಗಿದ್ದರ ಬಗ್ಗೆ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅದನ್ನು ಕಂಡು ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟ್ 66ಎಯನ್ನು ಪೂರ್ತಿಯಾಗಿ ರದ್ದು ಮಾಡಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಮಾತನ್ನು ಮೂರಾಗಿ ಬಿಡಿಸಿದ್ದಾರೆ: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಇದನ್ನು ಮಂಡ್ಯದ ನೆಲದಲ್ಲೇ ಇಟ್ಟು ನೋಡೋಣ. ಮಳವಳ್ಳಿ ಕಡೆಯ ರೈತರೊಬ್ಬರು ಬರೆಯುತ್ತಾರೆ: 'ವಿ.ಸಿ. ನಾಲೆ ನೀರು ಕೊನೆ ಭಾಗಕ್ಕೆ ಬಂದೇ ಇಲ್ಲ, ಭತ್ತ ಒಣಗ್ತಿದೆ, ಅಧಿಕಾರಿಗಳು ಮಲಗಿದ್ದಾರೆ.' ಇದು ಚರ್ಚೆ. 'ನಾಳೆ ಎಲ್ಲರೂ ಬನ್ನಿ, ಸಂಜಯ ವೃತ್ತದಲ್ಲಿ ಧರಣಿ ಕೂರೋಣ' ಅಂದರೆ ಪ್ರತಿಪಾದನೆ. ಮಾತು ಎಷ್ಟೇ ಖಾರವಾಗಿರಲಿ, ಈ ಎರಡಕ್ಕೂ ಸಂವಿಧಾನದ ರಕ್ಷಣೆ ಇದೆ. 'ಹತ್ತು ಗಂಟೆಗೆ ಸೇರಿ, ಆ ಎಂಜಿನಿಯರ್ ಜೀಪಿಗೆ ಬೆಂಕಿ ಇಡೋಣ' ಅಂದಾಗ ಅದು ಪ್ರಚೋದನೆ. ಕಾನೂನು ಕೈ ಹಾಕಬಹುದಾದ್ದು ಅಲ್ಲಿಂದ ಮುಂದಕ್ಕೆ. ಕಾವೇರಿ ನೀರಿನ ವಿಷಯಕ್ಕೆ ಪ್ರತಿ ಬರಗಾಲದಲ್ಲೂ ಬೀದಿಗಿಳಿಯುವ ಜಿಲ್ಲೆಗೆ ಈ ಗೆರೆ ಗೊತ್ತಿರಲೇಬೇಕು ಎಂಬುದು ನನ್ನ ಅಭಿಪ್ರಾಯ. ಪೋಸ್ಟ್ ಹಾಕುವವರಿಗಷ್ಟೇ ಅಲ್ಲ, ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಗೂ.

ಬೇಸರದ ವಿಷಯವೆಂದರೆ, ಸತ್ತ ಸೆಕ್ಷನ್ ಠಾಣೆಗಳಲ್ಲಿ ಇನ್ನೂ ಬದುಕಿತ್ತು. ತೀರ್ಪಿನ ನಂತರವೂ ಹಲವು ರಾಜ್ಯಗಳಲ್ಲಿ 66ಎ ಅಡಿ ಕೇಸು ದಾಖಲಾಗುತ್ತಲೇ ಇದ್ದವು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಆದೇಶ ಮಾಡಿ, ಈ ಸೆಕ್ಷನ್ ಅಡಿ ಯಾರನ್ನೂ ವಿಚಾರಣೆಗೆ ಗುರಿ ಮಾಡಬಾರದು ಎಂದು ಹೇಳಬೇಕಾಯಿತು. ಯಾರಾದರೂ ನಿಮ್ಮನ್ನು 66ಎ ಹೆಸರಿನಲ್ಲಿ ಹೆದರಿಸಿದರೆ ಈ ಎರಡು ದಿನಾಂಕ ನೆನಪಿರಲಿ.

ಹಾಗಾದರೆ ಕೆಆರ್‌ಎಸ್ ವದಂತಿ ಹಬ್ಬಿಸಿದವನಿಗೆ ಏನೂ ಇಲ್ಲವೇ? ಇದೆ, ಆದರೆ ಐಟಿ ಕಾಯ್ದೆಯಲ್ಲಿ ಅಲ್ಲ. ಅದರಲ್ಲಿ 'ಸುಳ್ಳು ಸುದ್ದಿ' ಎಂಬ ಅಪರಾಧವೇ ಇಲ್ಲ. ಈ ಪ್ರಸಂಗಕ್ಕೆ ಸರಿಯಾಗಿ ಹೊಂದುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 54. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರಲ್ಲಿ ಗಾಬರಿ ಹುಟ್ಟಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಅದರ ಜೊತೆಗೆ, 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 353 ಇದೆ. ಸಾರ್ವಜನಿಕ ನೆಮ್ಮದಿ ಕೆಡಿಸುವಂಥ ಸುಳ್ಳು ಮಾಹಿತಿ, ವದಂತಿಗಳಿಗೆ ಮೂರು ವರ್ಷದವರೆಗೆ ಶಿಕ್ಷೆ. ಆದರೆ ಅದು ನಿಜವೆಂದು ನಂಬಲು ತಕ್ಕ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ ಹೇಳಿದ್ದರೆ ಅಪರಾಧವಲ್ಲ ಎಂಬ ವಿನಾಯಿತಿಯೂ ಅದೇ ಸೆಕ್ಷನ್‌ನಲ್ಲಿದೆ. ಗಾಬರಿಯಿಂದ ಅಕ್ಕನಿಗೆ ಫೋನ್ ಮಾಡಿ ಹೇಳಿದ ಅಮ್ಮನಿಗೂ, ಸುಳ್ಳೆಂದು ಗೊತ್ತಿದ್ದೇ ಹಳೇ ವಿಡಿಯೊಗೆ ಹೊಸ ಸಾಲು ಅಂಟಿಸಿದವನಿಗೂ ಇರುವ ವ್ಯತ್ಯಾಸವನ್ನು ಕಾನೂನು ಗಮನಿಸುತ್ತದೆ.

ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ದ್ವೇಷ ಹಬ್ಬಿಸುವುದಕ್ಕೆ ಅದೇ ಸಂಹಿತೆಯ 196, ಬೇಕೆಂದೇ ಧಾರ್ಮಿಕ ಭಾವನೆ ಕೆಣಕುವುದಕ್ಕೆ 299. ಮೈಸೂರಿನವರಿಗೆ ಇದು ಪುಸ್ತಕದ ವಿಷಯವಲ್ಲ. 2025ರ ಫೆಬ್ರವರಿಯಲ್ಲಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟ್‌ನಿಂದ ಕೆರಳಿದ ಗುಂಪು ಉದಯಗಿರಿ ಪೊಲೀಸ್ ಠಾಣೆಯ ಮುಂದೆ ಸೇರಿ ಕಲ್ಲು ತೂರಿತು. ಪೋಸ್ಟ್ ಹಾಕಿದವನ ಮೇಲೂ ಕೇಸಾಯಿತು, ಕಲ್ಲು ತೂರಿದವರ ಮೇಲೂ ಕೇಸಾಯಿತು. ಕಾನೂನು ಆ ಎರಡನ್ನೂ ಬೇರೆ ಬೇರೆ ಅಪರಾಧವಾಗಿಯೇ ನೋಡುತ್ತದೆ. ಒಂದು ಇನ್ನೊಂದಕ್ಕೆ ಸಮಜಾಯಿಷಿ ಆಗುವುದಿಲ್ಲ.

ಇನ್ನು ಫಾರ್ವರ್ಡ್ ಮಾಡಿದವರು. 'ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ' ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ತಮಿಳುನಾಡಿನ ನಟ, ರಾಜಕಾರಣಿ ಎಸ್.ವಿ. ಶೇಖರ್ 2018ರಲ್ಲಿ ಬೇರೊಬ್ಬರ ಪೋಸ್ಟ್ ಹಂಚಿಕೊಂಡಿದ್ದರು. ಮದ್ರಾಸ್ ಹೈಕೋರ್ಟ್ 2023ರಲ್ಲಿ ಅವರ ಮೇಲಿನ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ಲೈಕ್ ಒತ್ತುವುದು ಬೇರೆ: ಲೈಕ್ ಮಾಡಿದ ಮಾತ್ರಕ್ಕೆ ಪ್ರಕಟಿಸಿದಂತೆ ಆಗುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಹೇಳಿದೆ. ಅಡ್ಮಿನ್‌ಗಳಿಗೂ ಸಮಾಧಾನದ ಮಾತಿದೆ. ಗುಂಪಿನ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿ ಆಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು 2021, 2022ರಲ್ಲಿ ಹೇಳಿವೆ. ಇವು ನಮ್ಮ ಹೈಕೋರ್ಟಿನ ತೀರ್ಪುಗಳಲ್ಲ. ಆದರೂ ವಕೀಲರು ಇಲ್ಲಿ ಮುಂದಿಟ್ಟು ವಾದಿಸಬಹುದು.

ಐಟಿ ಕಾಯ್ದೆ ನಿಜವಾಗಿ ಕೆಲಸಕ್ಕೆ ಬರುವುದು ಬೇರೆ ಕಡೆ. ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದು ಬಳಸಿದರೆ 66ಸಿ. ಇನ್ನೊಬ್ಬರ ವೇಷದಲ್ಲಿ ಮೋಸ ಮಾಡಿದರೆ 66ಡಿ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಹರಡಿದರೆ 66ಇ. ಅಶ್ಲೀಲಕ್ಕೆ 67, ಲೈಂಗಿಕ ಕ್ರಿಯೆಯ ದೃಶ್ಯಕ್ಕೆ 67ಎ, ಮಕ್ಕಳದ್ದಾದರೆ 67ಬಿ. ಮಕ್ಕಳ ವಿಷಯದಲ್ಲಿ ಹರಡುವುದಷ್ಟೇ ಅಲ್ಲ, ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಕೂಡ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ.

ಹೊತ್ತು ಸಾಗಿಸುವವರ ಮೇಲೆ

ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳನ್ನು ಕಾಯ್ದೆ ಮಧ್ಯವರ್ತಿ ಎಂದು ಕರೆಯುತ್ತದೆ. ಸಂತೆ ಹರಾಜು ಹಿಡಿದವರನ್ನು ನೆನೆಸಿಕೊಳ್ಳಿ. ಅವರು ಸುಂಕ ಎತ್ತುತ್ತಾರೆ, ಸರಕು ಅವರದ್ದಲ್ಲ. ಯಾವುದೋ ಅಂಗಡಿಯಲ್ಲಿ ಕದ್ದ ಮಾಲು ಮಾರಾಟವಾದರೆ ಮೊದಲ ತಪ್ಪು ಅವರದ್ದಲ್ಲ. ಆದರೆ ಪೊಲೀಸರು ಬಂದು ತೋರಿಸಿದ ಮೇಲೂ ಆ ಅಂಗಡಿಗೆ ಜಾಗ ಕೊಟ್ಟರೆ? ಆಗ ಅವರೂ ಹೊಣೆ. ಸೆಕ್ಷನ್ 79 ಹೇಳುವುದು ಇದನ್ನೇ.

'ಬಂದು ತೋರಿಸುವುದು' ಅಂದರೆ ಯಾರು ತೋರಿಸಬೇಕು ಎಂಬುದೇ ಇಲ್ಲಿ ದೊಡ್ಡ ಜಗಳ. ಯಾರೋ ಒಬ್ಬರು ದೂರಿದ ತಕ್ಷಣ ಕಂಪನಿ ತೆಗೆಯಲೇಬೇಕು ಎಂದಾದರೆ, ತನಗಾಗದವನ ಪೋಸ್ಟನ್ನು ಯಾರು ಬೇಕಾದರೂ ತೆಗೆಸಬಹುದು. ಅದಕ್ಕೇ ಶ್ರೇಯಾ ಸಿಂಘಾಲ್ ತೀರ್ಪು ಒಂದು ಮಿತಿ ಹಾಕಿತು: ಕೋರ್ಟ್ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗ ಮಾತ್ರ ಕಂಪನಿಗೆ 'ಗೊತ್ತಾಯಿತು' ಎಂದು ಲೆಕ್ಕ.

2021ರ ಫೆಬ್ರವರಿ 25ರಂದು ಬಂದ ಐಟಿ ನಿಯಮಗಳು ಕಂಪನಿಗಳ ಕರ್ತವ್ಯ ಹೆಚ್ಚಿಸಿದವು. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿ ಭಾರತದಲ್ಲೇ ವಾಸವಿರುವ ದೂರು ಅಧಿಕಾರಿಯನ್ನು, ನಿಯಮ ಪಾಲನೆಗೆ ಹೊಣೆಗಾರ ಅಧಿಕಾರಿಯನ್ನು, ಪೊಲೀಸರ ಜೊತೆ ದಿನದ 24 ಗಂಟೆ ಸಂಪರ್ಕಕ್ಕೆ ಸಿಗುವವರನ್ನು ನೇಮಿಸಬೇಕು. ದೂರು ಬಂದ 24 ಗಂಟೆಯೊಳಗೆ 'ತಲುಪಿದೆ' ಎಂದು ತಿಳಿಸಬೇಕು. ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದರೆ 36 ಗಂಟೆಯಲ್ಲಿ ತೆಗೆಯಬೇಕಿತ್ತು. ಬೆತ್ತಲೆ ಅಥವಾ ಲೈಂಗಿಕ ಚಿತ್ರವಾದರೆ, ತಿರುಚಿದ ಚಿತ್ರವೂ ಸೇರಿ, ಅದರಲ್ಲಿರುವ ವ್ಯಕ್ತಿ ಅಥವಾ ಅವರ ಪರವಾಗಿ ಯಾರಾದರೂ ದೂರಿದರೆ ಸಾಕು, 24 ಗಂಟೆಯಲ್ಲಿ ತೆಗೆಯಬೇಕಿತ್ತು. ಇಲ್ಲಿ ಕೋರ್ಟ್ ಆದೇಶ ಬೇಕಿಲ್ಲ.

2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ತಿದ್ದುಪಡಿ ಈ ಗಡುವುಗಳನ್ನು ಬಹಳ ಬಿಗಿ ಮಾಡಿತು. 36 ಗಂಟೆ ಹೋಗಿ ಮೂರು ಗಂಟೆ ಆಯಿತು. ಖಾಸಗಿ ಚಿತ್ರಗಳಿಗೆ 24 ಹೋಗಿ ಎರಡು ಗಂಟೆ ಆಯಿತು. ಸಾಮಾನ್ಯ ದೂರುಗಳಿಗೆ ಇದ್ದ 15 ದಿನ ಏಳಕ್ಕೆ ಇಳಿಯಿತು. ಎಐ ಬಳಸಿ ನಿಜದಂತೆ ಕಾಣುವ ಹಾಗೆ ಮಾಡಿದ ವಿಡಿಯೊ, ಧ್ವನಿ, ಚಿತ್ರಗಳ ಮೇಲೆ ಅದು ಕೃತಕ ಎಂಬ ಗುರುತು ಇರಲೇಬೇಕು ಎಂಬ ನಿಯಮವೂ ಆಗಲೇ ಬಂತು.

ಎರಡು ಗಂಟೆಯ ನಿಯಮ ಸರಿ ಎಂದು ನಾನು ಮನಸಾರೆ ಒಪ್ಪುತ್ತೇನೆ. ಮೈಸೂರಿನ ಹಾಸ್ಟೆಲ್ ಒಂದರಲ್ಲಿರುವ ಹುಡುಗಿಯ ಮುಖವನ್ನು ಯಾರೋ ಬೆತ್ತಲೆ ಚಿತ್ರಕ್ಕೆ ಅಂಟಿಸಿ ಹರಿಬಿಟ್ಟರೆ, ಅವಳಿಗೆ ಒಂದೊಂದು ನಿಮಿಷವೂ ನರಕ. ಅಲ್ಲಿ ಚರ್ಚಿಸಲು ಏನೂ ಇಲ್ಲ. ಆ ಚಿತ್ರ ಉಳಿಯುವುದರಿಂದ ಸಮಾಜಕ್ಕೆ ಯಾವ ಲಾಭವೂ ಇಲ್ಲ. ಮೊದಲು ತೆಗೆಯಲಿ, ಆಮೇಲೆ ಕೇಳಲಿ.

ಮೂರು ಗಂಟೆಯ ನಿಯಮ ಹಾಗಲ್ಲ. ಅದು ಅಭಿಪ್ರಾಯ, ಟೀಕೆ, ವರದಿಗಳಿಗೂ ತಗಲುತ್ತದೆ. ನಾಲೆ ನೀರಿನ ಬಗ್ಗೆ ಮಂಡ್ಯದ ಮಾತಿನಲ್ಲಿ ಒಬ್ಬರು ಬೈದು ವಿಡಿಯೊ ಹಾಕಿದ್ದಾರೆ ಎನ್ನಿ. ಅದು ಬೈಗುಳವೋ, ಬೆದರಿಕೆಯೋ, ಬರೀ ಸಂಕಟದ ಮಾತೋ ಎಂದು ತಿಳಿಯಲು ಆ ಮಾತಿನ ಧಾಟಿ ಗೊತ್ತಿರುವವರು ಕೂತು ಕೇಳಬೇಕು. ಮೂರು ಗಂಟೆಯಲ್ಲಿ ಕಂಪನಿ ಅಷ್ಟು ಯೋಚಿಸುತ್ತದೆಯೇ? ತೆಗೆಯದಿದ್ದರೆ ಸೆಕ್ಷನ್ 79ರ ರಕ್ಷಣೆ ಹೋಗುತ್ತದೆ. ತೆಗೆದರೆ ಅದಕ್ಕೆ ಯಾವ ನಷ್ಟವೂ ಇಲ್ಲ. ಅಂಥ ತಕ್ಕಡಿಯಲ್ಲಿ ರೈತನ ಮಾತು ಯಾವಾಗಲೂ ಹಗುರವೇ.

ಇಲ್ಲಿ ವಾಟ್ಸ್‌ಆ್ಯಪ್ ವಿಷಯ ಸ್ವಲ್ಪ ಬೇರೆ. ಅದರ ಸಂದೇಶಗಳು ಕಳಿಸಿದವರಿಂದ ತಲುಪಿದವರವರೆಗೆ ಗೂಢಲಿಪಿಯಲ್ಲಿರುತ್ತವೆ, ಕಂಪನಿಯೂ ಓದಲಾರದು. ಮೊದಲು ಕಳಿಸಿದವರು ಯಾರೆಂದು ಪತ್ತೆ ಹಚ್ಚಿಕೊಡಬೇಕು ಎಂದು 2021ರ ನಿಯಮ ಹೇಳುತ್ತದೆ. ಅದನ್ನು ವಾಟ್ಸ್‌ಆ್ಯಪ್ ಅದೇ ವರ್ಷ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಹಾಗಾಗಿ ವದಂತಿಯ ಮೂಲ ಹುಡುಕುವ ಪೊಲೀಸರು ಇವತ್ತಿಗೂ ಒಂದು ಫೋನಿನಿಂದ ಹಿಂದಿನ ಫೋನಿಗೆ, ಕೈಯಿಂದ ಕೈಗೆ ಹೋಗಬೇಕಾಗುತ್ತದೆ. ತಂತ್ರಜ್ಞಾನದ ಸಣ್ಣ ಬದಲಾವಣೆಯೂ ನೆರವಾಗಬಹುದು. 2018ರ ಜುಲೈನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ, ಅದೇ ತಿಂಗಳು, ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು.

ತೆಗೆಸುವವರ ಅಧಿಕಾರ

ಸರ್ಕಾರಕ್ಕೆ ಎರಡು ದಾರಿಗಳಿವೆ. ಒಂದು ಹಳೆಯದು, ಗೆರೆ ಎಳೆದಂತೆ ಸ್ಪಷ್ಟವಾಗಿರುವುದು. ಇನ್ನೊಂದು ಹೊಸದು, ಅಗಲವಾದದ್ದು.

ಹಳೆಯ ದಾರಿ ಸೆಕ್ಷನ್ 69ಎ. ಇದರಲ್ಲಿ ಕೇಂದ್ರ ಸರ್ಕಾರ ಒಂದು ಪೋಸ್ಟನ್ನೋ, ಖಾತೆಯನ್ನೋ, ಇಡೀ ಆ್ಯಪನ್ನೋ ದೇಶದಲ್ಲಿ ಕಾಣದಂತೆ ಮಾಡಿಸಬಹುದು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ಹೋಗಿದ್ದು ಇದರಿಂದಲೇ. ಆದರೆ ಕಾರಣಗಳು ಎಣಿಸಿಟ್ಟಂತಿವೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ ತಡೆಯುವುದು. ಮಾನಹಾನಿ ಈ ಪಟ್ಟಿಯಲ್ಲಿಲ್ಲ. ಅಶ್ಲೀಲತೆ ಇಲ್ಲ. ಬರೀ ಸುಳ್ಳು ಎಂಬುದೂ ಇಲ್ಲ. 2009ರ ನಿಯಮಗಳ ಪ್ರಕಾರ ಸಮಿತಿ ಕೂತು ಪರಿಶೀಲಿಸಬೇಕು, ಕಾರಣ ಬರೆದಿಡಬೇಕು. ತುರ್ತಾದರೆ ಮೊದಲು ತಡೆದು, 48 ಗಂಟೆಯೊಳಗೆ ಸಮಿತಿ ಮುಂದೆ ಇಡಬೇಕು.

66ಎ ರದ್ದು ಮಾಡಿದ ಅದೇ ತೀರ್ಪು 69ಎಯನ್ನು ಉಳಿಸಿತು. ಯಾಕೆ? ಕಾರಣ ಬರೆದಿಡಬೇಕು ಎಂಬ ಷರತ್ತು ಇದೆ, ಹಾಗಾಗಿ ನೊಂದವರು ಹೈಕೋರ್ಟಿಗೆ ಹೋಗಿ ಅದನ್ನು ಪ್ರಶ್ನಿಸಬಹುದು ಎಂಬುದು ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು. ಈ ಸರಪಳಿ ಕಡಿದುಹೋಗುವುದು ಇಲ್ಲಿಯೇ. 2009ರ ನಿಯಮಗಳ 16ನೇ ನಿಯಮ ಈ ದೂರು, ಆದೇಶಗಳನ್ನೆಲ್ಲ ಗೌಪ್ಯವಾಗಿಡಬೇಕು ಎನ್ನುತ್ತದೆ. ಬರೆದಿಟ್ಟ ಕಾರಣ ಪೋಸ್ಟ್ ಹಾಕಿದವರಿಗೆ ಸಿಗದಿದ್ದರೆ, ಅವರು ಯಾವುದನ್ನು ಹಿಡಿದು ಪ್ರಶ್ನಿಸಬೇಕು? ನನ್ನ ಆತಂಕವೆಲ್ಲ ಇದೇ. ತೆಗೆಯುವ ವೇಗ ವರ್ಷದಿಂದ ವರ್ಷಕ್ಕೆ ಏರಿದೆ. ಯಾಕೆ ತೆಗೆದೆವು ಎಂದು ಹೇಳುವ ಹೊಣೆ ಅದರ ಜೊತೆ ಏರಿಲ್ಲ.

ಈ ಜಗಳದ ದೊಡ್ಡ ಪ್ರಕರಣಗಳು ನಡೆದದ್ದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ. ಖಾತೆಗಳನ್ನು ತಡೆಯುವ ಆದೇಶಗಳನ್ನು ಟ್ವಿಟರ್ ಪ್ರಶ್ನಿಸಿತ್ತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು.

ಹೊಸ ದಾರಿ ಸೆಕ್ಷನ್ 79ರ ಒಳಗಿಂದ ಬಂದದ್ದು. ಕಾನೂನುಬಾಹಿರ ವಿಷಯ ಇದೆ ಎಂದು ಸರ್ಕಾರದ ಸಂಸ್ಥೆ ತಿಳಿಸಿದರೆ ಕಂಪನಿ ತೆಗೆಯಬೇಕು, ಇಲ್ಲದಿದ್ದರೆ ರಕ್ಷಣೆ ಕಳೆದುಕೊಳ್ಳುತ್ತದೆ. ಇಂಥ ನೋಟಿಸ್‌ಗಳನ್ನು ಕಳಿಸಲು ಕೇಂದ್ರ ಗೃಹ ಸಚಿವಾಲಯ 2024ರಲ್ಲಿ 'ಸಹಯೋಗ್' ಎಂಬ ಪೋರ್ಟಲ್ ತೆರೆಯಿತು. ಇಲ್ಲಿ 69ಎಯಂತೆ ಎಣಿಸಿಟ್ಟ ಕಾರಣಗಳ ಪಟ್ಟಿಯಿಲ್ಲ, ಪರಿಶೀಲಿಸುವ ಸಮಿತಿಯಿಲ್ಲ. ಸರ್ಕಾರದ ವಾದದಲ್ಲೂ ತೂಕ ಇದೆ. ನಕಲಿ ಸಾಲದ ಆ್ಯಪ್, ಡಿಜಿಟಲ್ ಅರೆಸ್ಟ್ ಮೋಸ, ಮಕ್ಕಳ ಚಿತ್ರಗಳು ದಿನವೂ ರಾಶಿ ರಾಶಿ ಬರುವಾಗ ಒಂದೊಂದಕ್ಕೂ ಸಮಿತಿ ಕೂರಿಸಲು ಆಗುವುದಿಲ್ಲ. ಆದರೆ ಮೋಸದ ಲಿಂಕ್ ತೆಗೆಸಲು ಮಾಡಿದ ಬಾಗಿಲಿನಿಂದಲೇ ಮಂತ್ರಿಯ ಮೇಲಿನ ಟೀಕೆಯನ್ನೂ ತೆಗೆಸಬಹುದು.

ಎಕ್ಸ್ ಕಂಪನಿ, ಅಂದರೆ ಹಿಂದಿನ ಟ್ವಿಟರ್, ಇದನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿ ವಜಾ ಮಾಡಿದರು. ಸಾಮಾಜಿಕ ಜಾಲತಾಣಗಳಿಗೆ ನಿಯಂತ್ರಣ ಬೇಕು, ವಾಕ್ ಸ್ವಾತಂತ್ರ್ಯದ ಹಕ್ಕು ಇರುವುದು ಪ್ರಜೆಗಳಿಗೆ, ವಿದೇಶಿ ಕಂಪನಿ ಅದನ್ನು ಕೇಳಲಾಗದು ಎಂದರು. ಆ ಕೊನೆಯ ಮಾತನ್ನು ನಾನು ಹೀಗೆ ಓದುತ್ತೇನೆ: ಹಕ್ಕು ಪ್ರಜೆಯದ್ದಾದರೆ, ಪೋಸ್ಟ್ ತೆಗೆಯುವಾಗ ತಿಳಿಸಬೇಕಾದ್ದೂ ಪ್ರಜೆಗೇ.

ತೀರ್ಪು ಬಂದ ಮುಂದಿನ ತಿಂಗಳು ಸರ್ಕಾರವೇ ನಿಯಮವನ್ನು ಸ್ವಲ್ಪ ಸರಿಪಡಿಸಿತು. 2025ರ ನವೆಂಬರ್ 15ರಿಂದ ಇಂಥ ಸೂಚನೆ ಕೊಡಲು ಜಂಟಿ ಕಾರ್ಯದರ್ಶಿ ಮಟ್ಟದ ಅಧಿಕಾರಿ ಬೇಕು. ಪೊಲೀಸರ ಕಡೆಯಿಂದಾದರೆ ಡಿಐಜಿ ದರ್ಜೆಯವರು. ಕಾನೂನಿನ ಆಧಾರ, ಕಾರಣ, ನಿರ್ದಿಷ್ಟ ಲಿಂಕ್ ನಮೂದಿಸಬೇಕು, ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು. ಒಳ್ಳೆಯ ಹೆಜ್ಜೆ. ಆದರೂ ಪೋಸ್ಟ್ ಹಾಕಿದವರಿಗೆ ತಿಳಿಸಬೇಕು ಎಂಬ ಮಾತು ಅದರಲ್ಲಿಲ್ಲ.

ಸರ್ಕಾರದ ಕೈ ತಡೆದ ಪ್ರಕರಣವೂ ಇದೆ. ಕೇಂದ್ರ ಸರ್ಕಾರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರದ್ದೇ ಘಟಕ ತೀರ್ಮಾನಿಸುವ ನಿಯಮ 2023ರ ಏಪ್ರಿಲ್‌ನಲ್ಲಿ ಬಂತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಅದನ್ನು ಪ್ರಶ್ನಿಸಿದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ಮೂರನೆಯವರಾದ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ 2024ರ ಸೆಪ್ಟೆಂಬರ್ 20ರಂದು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು.

ಇಂಟರ್‌ನೆಟ್‌ ಅನ್ನೇ ನಿಲ್ಲಿಸುವುದು ಇನ್ನೊಂದು ಕಾನೂನಿನ ವಿಷಯ. ಗಲಭೆ ಸಮಯದಲ್ಲಿ ಜಿಲ್ಲೆಗೆ ನೆಟ್ ಬಂದ್ ಮಾಡುವ ಆದೇಶ ದೂರಸಂಪರ್ಕ ಕಾನೂನಿನಡಿ ಬರುತ್ತದೆ. ಅಂಥ ಆದೇಶವನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಒಂದು ಆದೇಶ 15 ದಿನ ಮೀರುವಂತಿಲ್ಲ.

ನಿಮಗೇ ಆದರೆ

ಮೊದಲು ಸಾಕ್ಷಿ. ಕೋಪದಲ್ಲಿ, ನಾಚಿಕೆಯಲ್ಲಿ ಸಂದೇಶ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಪೋಸ್ಟ್‌ನ ಲಿಂಕ್, ಖಾತೆಯ ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಹೆಸರು, ಫೋಟೊ ಬದಲಾಗಬಹುದು, ಲಿಂಕ್ ಪೊಲೀಸರಿಗೆ ದಾರಿ ತೋರಿಸುತ್ತದೆ. ಸಂದೇಶ ಬಂದ ಫೋನನ್ನೂ ಜೋಪಾನವಾಗಿಡಿ. ವಿದ್ಯುನ್ಮಾನ ಸಾಕ್ಷಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಇದನ್ನು ವಕೀಲರಿಗೆ ಮೊದಲೇ ನೆನಪಿಸಿ.

ದುಡ್ಡು ಹೋಗಿದ್ದರೆ ಬೇರೆ ಯಾರಿಗೂ ಕಾಯದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಹಿಡಿಯಲು ಅವಕಾಶ ಇರುವುದು ಆಗ ಮಾತ್ರ. ಉಳಿದ ದೂರುಗಳಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ ಠಾಣೆ ಇದೆ. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು ಎಂದು ಸೆಕ್ಷನ್ 78 ಹೇಳುತ್ತದೆ. ಹಾಗಂತ ದೂರು ಕೊಡಲು ಜಿಲ್ಲಾ ಕೇಂದ್ರಕ್ಕೇ ಹೋಗಬೇಕಾಗಿಲ್ಲ. ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇ-ಮೇಲ್‌ನಂಥ ದಾರಿಯಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪಾಂಡವಪುರದಲ್ಲೋ ಹುಣಸೂರಿನಲ್ಲೋ 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅಂದರೆ ಈ ಸೆಕ್ಷನ್ ಹೆಸರು ಹೇಳಿ. ಆದರೂ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಿ, ಅದಕ್ಕೂ ಉತ್ತರ ಬರದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಖಾಸಗಿ ಚಿತ್ರ ಹರಿದಾಡುತ್ತಿದ್ದರೆ ಠಾಣೆಗೆ ಹೋಗುವ ಹೊತ್ತಿನಲ್ಲೇ ಕಂಪನಿಯ ದೂರು ಅಧಿಕಾರಿಗೂ ಬರೆಯಿರಿ. ಎರಡು ಗಂಟೆಯ ಗಡಿಯಾರ ಶುರುವಾಗುವುದು ಆ ದೂರಿನಿಂದ. ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯೂ ಇದೆ, 18 ದಾಟಿದವರಿಗೆ. ಅದು ಚಿತ್ರವನ್ನು ಎಲ್ಲಿಗೂ ಕಳಿಸುವುದಿಲ್ಲ. ನಿಮ್ಮ ಫೋನಿನಲ್ಲೇ ಚಿತ್ರದ ಒಂದು ಅಂಕಿ-ಗುರುತು ಮಾಡಿ, ಅದನ್ನಷ್ಟೇ ಕಂಪನಿಗಳಿಗೆ ಕೊಡುತ್ತದೆ. ಅದೇ ಚಿತ್ರ ಮತ್ತೆ ಹಾಕಿದರೆ ಹಿಡಿಯಲು ಅದು ನೆರವಾಗುತ್ತದೆ. ಮನೆಯವರಿಗೆ ಒಂದು ಮಾತು: ಹುಡುಗಿಯ ಫೋನ್ ಕಿತ್ತುಕೊಳ್ಳಬೇಡಿ. ಸಾಕ್ಷಿ ಇರುವುದು ಅದರಲ್ಲಿ, ತಪ್ಪು ಇರುವುದು ಬೇರೆಯವನದ್ದು.

ಕಂಪನಿಯ ಉತ್ತರ ಸರಿಬರದಿದ್ದರೆ, ಅಥವಾ ಉತ್ತರವೇ ಬರದಿದ್ದರೆ, 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಕೆಲಸ ಮಾಡುತ್ತಿರುವ ಈ ಸಮಿತಿಗಳಿಗೆ ಎಲ್ಲವೂ ಆನ್‌ಲೈನ್‌ನಲ್ಲೇ, ದೆಹಲಿಗೆ ಹೋಗಬೇಕಿಲ್ಲ. ಇದು ನೊಂದವರಿಗಷ್ಟೇ ಅಲ್ಲ. ಕಂಪನಿ ತನ್ನದೇ ನಿಯಮ ಹೇಳಿ ನಿಮ್ಮ ಪೋಸ್ಟ್ ತೆಗೆದಿದ್ದರೆ, ಖಾತೆ ನಿಲ್ಲಿಸಿದ್ದರೆ, ಆಗಲೂ ಇದೇ ದಾರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದು, ಯಾವ ನಿಯಮ, ಯಾವ ಸಾಲಿಗೆ ಎಂದು ಕೇಳಿ.

ತೆಗೆಸಿದ್ದು ಸರ್ಕಾರವಾದರೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಮಂಡ್ಯ, ಮೈಸೂರಿನವರಿಗೆ ಅದು ಬೆಂಗಳೂರಿನ ಪೀಠ. ಹಾಕಿದವರಿಗೆ ನೋಟಿಸ್ ಕೊಡದೆ ಪೋಸ್ಟ್ ತಡೆಯುವುದು ಸರಿಯೇ ಎಂಬ ಪ್ರಶ್ನೆ ಎತ್ತಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಹಾಕಿದವರ ಗುರುತು ಸಿಗುವಂತಿದ್ದರೆ ಅವರಿಗೆ ನೋಟಿಸ್ ಹೋಗಬೇಕು ಎಂದು ಅವತ್ತು ಪೀಠ ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು. ರಿಟ್ ಹಾಕುವವರು ಆ ಆದೇಶದ ಪ್ರತಿಯನ್ನು ವಕೀಲರ ಕೈಗೆ ಕೊಡಿ.